"ನಂಬುತ್ತೇನೆ, ಆದರೆ ಕಾಣುತ್ತಿಲ್ಲ": ಒಬ್ಬ ಮಿಷನರಿಯ ಕತ್ತಲೆಯ ವರ್ಷಗಳು

1829ರ ಅಕ್ಟೋಬರ್ 24. ಬರ್ಮಾದ ಮೌಲ್ಮೇನ್ ಎಂಬ ಊರು. ನಲವತ್ತೊಂದು ವರ್ಷದ ಒಬ್ಬ ಮಿಷನರಿ ತನ್ನವರಿಗೆ ಕಾಗದ ಬರೆಯುತ್ತಿದ್ದಾರೆ. ಹೆಂಡತಿ ತೀರಿಕೊಂಡು ಅಂದಿಗೆ ಸರಿಯಾಗಿ ಮೂರು ವರ್ಷ. ದೇವರ ಜೊತೆ ನಿಜವಾಗಿ ಮಾತಾಡುವುದು ಹೇಗೆ ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯಾ, ಗೊತ್ತಿದ್ದರೆ ಅದರ ಮೊದಲ ಪಾಠವನ್ನಾದರೂ ನನಗೆ ಕಲಿಸುತ್ತೀರಾ ಎಂದು ಕೇಳುತ್ತಾರೆ. ಆಮೇಲೆ ಬರೆಯುತ್ತಾರೆ: ದೇವರು ನನಗೆ ಗುರುತೇ ಸಿಗದವನಾಗಿದ್ದಾನೆ. ಅವನನ್ನು ನಂಬುತ್ತೇನೆ, ಆದರೆ ಅವನು ನನಗೆ ಕಾಣುತ್ತಿಲ್ಲ.

ಬರೆದವರು ಅಡೋನಿರಾಮ್ ಜಡ್ಸನ್. ಅಮೆರಿಕದಿಂದ ಏಷ್ಯಾಕ್ಕೆ ಬಂದ ಮೊದಲ ಮಿಷನರಿಗಳಲ್ಲಿ ಒಬ್ಬರು. ಬರ್ಮೀ ಭಾಷೆಗೆ ಇಡೀ ಬೈಬಲ್ಲನ್ನು ತಂದವರು. ನಮ್ಮ ಸಭೆಗಳಲ್ಲಿ ಇವರ ಹೆಸರು ಬಂದರೆ ಅದು ಸೆರೆಮನೆಯ ಕತೆಯ ಜೊತೆ ಬರುತ್ತದೆ. ಮುಂದಿನ ದಿನಗಳು ದೇವರ ವಾಗ್ದಾನಗಳಷ್ಟೇ ಉಜ್ವಲ ಎನ್ನುವ ಒಂದು ಮಾತೂ ಅವರ ಹೆಸರಿನಲ್ಲಿ ಓಡಾಡುತ್ತದೆ. ಕ್ಯಾಲೆಂಡರ್ ಮೇಲೆ ಅಚ್ಚು ಹಾಕಲು ಚೆನ್ನಾಗಿರುವ ಮಾತು. 1829ರ ಕಾಗದದ ಸಾಲನ್ನು ಮಾತ್ರ ಯಾರೂ ಕ್ಯಾಲೆಂಡರ್‌ಗೆ ಹಾಕುವುದಿಲ್ಲ.

ನಾನು ಈ ಪ್ರಕರಣದ ಹಿಂದೆ ಬಿದ್ದದ್ದಕ್ಕೆ ಒಂದು ಕಾರಣವಿದೆ. ನಮ್ಮ ಅಕ್ಕನ ಕಾಯಿಲೆಗಾಗಿ ಮನೆಯಲ್ಲಿ ಉಪವಾಸ ಪ್ರಾರ್ಥನೆ ಮಾಡಿದೆವು. ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ರಾತ್ರಿಯಿಡೀ ಸರದಿಯ ಮೇಲೆ ಮಂಡಿಯೂರಿದೆವು. ಅಕ್ಕ ಉಳಿಯಲಿಲ್ಲ. ಮಣ್ಣು ಕೊಟ್ಟು ಬಂದ ವಾರವೇ ಪ್ರಾರ್ಥನೆಗೆ ಬರುತ್ತಿದ್ದ ಒಬ್ಬರು, "ನಿಮ್ಮ ಮನೆಯಲ್ಲಿ ಯಾರಿಗೋ ನಂಬಿಕೆ ಕಮ್ಮಿ ಇತ್ತು" ಅಂದರು. ಅಮ್ಮ ಆ ಮಾತನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದರು. ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ಮೈಕ್ ಮುಂದೆ ಬರುವವರು ಯಾರು ಅಂತ ನೀವೂ ಗಮನಿಸಿರಬಹುದು. ಕೆಲಸ ಸಿಕ್ಕವರು, ವೀಸಾ ಬಂದವರು, ಆಪರೇಷನ್ ಇಲ್ಲದೆ ಗುಣವಾದವರು. ಕೇಳಿದ್ದು ಸಿಗದವರು ಹಿಂದಿನ ಬೆಂಚಿನಲ್ಲಿ ಕೂತು ಆಮೆನ್ ಹೇಳುತ್ತಾರೆ. ಜಡ್ಸನ್ ಅವರ ಕಾಗದ ಓದಿದಾಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ನಿಂತ ಹಾಗೆ ಅನಿಸಿತು.

ಹಿನ್ನೆಲೆ

ಜಡ್ಸನ್ ಹುಟ್ಟಿದ್ದು 1788ರಲ್ಲಿ, ಮ್ಯಾಸಚೂಸೆಟ್ಸ್‌ನ ಮಾಲ್ಡನ್‌ನಲ್ಲಿ. ತಂದೆ ಪಾದ್ರಿ. 1812ರ ಫೆಬ್ರವರಿ 5ರಂದು ಆ್ಯನ್ ಹ್ಯಾಸೆಲ್ಟಿನ್ ಜೊತೆ ಮದುವೆ. ಎರಡೇ ವಾರಕ್ಕೆ ಹಡಗು ಹತ್ತಿದರು. ಜೂನ್‌ನಲ್ಲಿ ಕಲ್ಕತ್ತ ಮುಟ್ಟಿದರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಆಗ ತಲೆನೋವು. ಇಲ್ಲಿರಬೇಡಿ, ಹೊರಡಿ ಅಂತ ಹುಕುಂ ಆಯಿತು. ಮಾರಿಷಸ್‌ಗೆ ಹೋದರು, ಅಲ್ಲಿಂದ ಮದ್ರಾಸಿಗೆ ಬಂದರು. ಅಲ್ಲೂ ಕಂಪನಿಯದೇ ಆಡಳಿತ. ಹಿಡಿದು ವಾಪಸ್ ಕಳಿಸುವ ಮೊದಲು ಸಿಕ್ಕ ಹಡಗು ಹತ್ತಬೇಕು. ಸಿಕ್ಕದ್ದು ರಂಗೂನಿಗೆ ಹೋಗುವ ಹಡಗು. ದಾರಿಯಲ್ಲಿ ಆ್ಯನ್‌ಗೆ ಹೆರಿಗೆಯಾಯಿತು. ಮಗು ಸತ್ತೇ ಹುಟ್ಟಿತು. 1813ರ ಜುಲೈ 13ರಂದು ರಂಗೂನಿನಲ್ಲಿ ಇಳಿದಾಗ ಆ್ಯನ್‌ಗೆ ನಡೆಯುವ ಶಕ್ತಿಯೂ ಇರಲಿಲ್ಲ.

ಎರಡನೆಯ ಮಗು ರೋಜರ್. ಎಂಟು ತಿಂಗಳು ತುಂಬುವ ಮೊದಲೇ, 1816ರ ಮೇ ತಿಂಗಳಲ್ಲಿ ಹೋಯಿತು. ಮೊದಲ ಬರ್ಮೀಯ, ಮೌಂಗ್ ನೌ, ದೀಕ್ಷಾಸ್ನಾನ ಪಡೆದದ್ದು 1819ರ ಜೂನ್‌ನಲ್ಲಿ. ಅಂದರೆ ಬಂದು ಆರು ವರ್ಷಕ್ಕೆ ಒಬ್ಬ. ಇಷ್ಟಾದರೂ ಈ ಆರು ವರ್ಷ ಜಡ್ಸನ್ ಅವರನ್ನು ಅಲ್ಲಾಡಿಸಲಿಲ್ಲ ಅನ್ನುವುದನ್ನು ನೆನಪಿಡಬೇಕು. ತಡವಾಗುವುದನ್ನು ಅವರು ತಡೆದುಕೊಳ್ಳಬಲ್ಲವರಾಗಿದ್ದರು. ಕೆಲಸವಿತ್ತು, ಭಾಷೆ ಕಲಿಯುವುದಿತ್ತು, ಪಕ್ಕದಲ್ಲಿ ಆ್ಯನ್ ಇದ್ದರು. ಬಂಗಾಳದ ಸೆರಾಂಪುರದ ಮಿಷನ್‌ನವರು ಒಂದು ಮುದ್ರಣ ಯಂತ್ರವನ್ನೂ ಕೊಟ್ಟು ಕಳಿಸಿದ್ದರು. (ಅದೇ ಸೆರಾಂಪುರದಲ್ಲಿ 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಯಿತು. ಅಲ್ಲಿನ ಅಚ್ಚುಮೊಳೆಗಳ ನಡುವೆ ಕನ್ನಡ, ಬರ್ಮೀ ಎರಡೂ ನೆಂಟರೇ.)

ಸೆರೆಮನೆ

1824ರಲ್ಲಿ ಇಂಗ್ಲಿಷರಿಗೂ ಬರ್ಮಾ ರಾಜನಿಗೂ ಯುದ್ಧ ಶುರುವಾಯಿತು. ಜಡ್ಸನ್ ದಂಪತಿ ಆಗ ರಾಜಧಾನಿ ಆವಾದಲ್ಲಿದ್ದರು. ಅವರು ಅಮೆರಿಕದವರು, ಯುದ್ಧಕ್ಕೂ ಅವರಿಗೂ ಸಂಬಂಧವಿಲ್ಲ. ಆದರೆ ಅವರಿಗೆ ಬರುತ್ತಿದ್ದ ಹಣ ಇಂಗ್ಲಿಷ್ ವ್ಯಾಪಾರಿಗಳ ಕೈಯಿಂದಲೇ ಬರುತ್ತಿತ್ತು. ಲೆಕ್ಕದ ಪುಸ್ತಕ ನೋಡಿದ ಆಸ್ಥಾನದವರಿಗೆ ಅದು ಗೂಢಚಾರನ ಸಂಬಳದ ಹಾಗೆ ಕಂಡಿತು. ಜೂನ್ 8ರಂದು ಊಟದ ಹೊತ್ತಿಗೆ ಮನೆಗೆ ನುಗ್ಗಿ, ಹಗ್ಗ ಬಿಗಿದು ಎಳೆದುಕೊಂಡು ಹೋದರು.

ಒಂಬತ್ತು ತಿಂಗಳು ಮೂರು ಜೊತೆ ಬೇಡಿ. ಎರಡು ತಿಂಗಳು ಐದು ಜೊತೆ. ಆರು ತಿಂಗಳು ಒಂದು ಜೊತೆ. ಇದು ಅವರೇ ಕೊಟ್ಟ ಲೆಕ್ಕ. ರಾತ್ರಿಯಾದರೆ ಕೈದಿಗಳ ಕಾಲುಗಳ ನಡುವೆ ಉದ್ದದ ಬಿದಿರು ತೂರಿಸಿ ಮೇಲಕ್ಕೆ ಎತ್ತುತ್ತಿದ್ದರು. ತಲೆ, ಭುಜ ಮಾತ್ರ ನೆಲದ ಮೇಲೆ. ಆ್ಯನ್ ದಿನಾ ಒಬ್ಬೊಬ್ಬ ಅಧಿಕಾರಿಯ ಬಾಗಿಲು ತಟ್ಟಿ, ಕಾಡಿ ಬೇಡಿ, ಕಾವಲಿನವರಿಗೆ ಕಾಣಿಕೆ ಕೊಟ್ಟು ಊಟ ಮುಟ್ಟಿಸುತ್ತಿದ್ದರು. ಜಡ್ಸನ್ ಬರ್ಮೀಗೆ ತಂದಿದ್ದ ಹೊಸ ಒಡಂಬಡಿಕೆಯ ಹಸ್ತಪ್ರತಿಯನ್ನು ಮೊದಲು ನೆಲದಲ್ಲಿ ಹೂತಿಟ್ಟರು. ಮಳೆಗಾಲ ಬಂತು, ಹಾಳಾಗುತ್ತದೆ ಅಂತ ತೆಗೆದು, ಒರಟು ದಿಂಬಿನೊಳಗೆ ಹೊಲಿದು ಗಂಡನಿಗೆ ಕೊಟ್ಟರು. ಯಾರಿಗೂ ಬೇಡವಾಗುವಷ್ಟು ಗಟ್ಟಿ ದಿಂಬು. ಆ ಸೆರೆಯ ನಡುವೆಯೇ, 1825ರ ಜನವರಿಯಲ್ಲಿ, ಆ್ಯನ್ ಒಂದು ಹೆಣ್ಣುಮಗುವನ್ನು ಹೆತ್ತರು. ಹೆಸರು ಮಾರಿಯಾ.

ಮೇ ತಿಂಗಳಲ್ಲಿ ಕೈದಿಗಳನ್ನು ಬರಿಗಾಲಿನಲ್ಲಿ, ಸುಡುವ ಮರಳಿನ ಮೇಲೆ ಔಂಗ್‌ಪೆನ್‌ಲಾ ಎಂಬ ಹಳ್ಳಿಗೆ ನಡೆಸಿದರು. ಆ್ಯನ್ ಮಗುವನ್ನು ಕಟ್ಟಿಕೊಂಡು ಹಿಂದೆಯೇ ಹೋದರು. ಅಲ್ಲಿ ಅವರು ಕಾಯಿಲೆ ಬಿದ್ದು ಎದೆಹಾಲು ಬತ್ತಿತು. ಜಡ್ಸನ್ ಕಾವಲಿನವರಿಗೆ ಕೈಮುಗಿದು, ಬೇಡಿ ಹಾಕಿಕೊಂಡೇ, ಮಗುವನ್ನು ಎತ್ತಿಕೊಂಡು ಹಳ್ಳಿಯ ಬಾಣಂತಿಯರ ಮನೆ ಮನೆಗೆ ಹೋಗಿ ಒಂದಿಷ್ಟು ಹಾಲು ಕುಡಿಸಿ ಎಂದು ಬೇಡುತ್ತಿದ್ದರು. ಹಳ್ಳಿಯ ಹೆಂಗಸರು ಕುಡಿಸಿದರು. ಬುದ್ಧನನ್ನು ನಂಬುವ ಹೆಂಗಸರು, ತಮ್ಮ ರಾಜನ ವೈರಿ ಅನಿಸಿಕೊಂಡವನ ಮಗುವಿಗೆ. ಆ ಹೊತ್ತಿನಲ್ಲಿ ಅವರ ಪ್ರಾರ್ಥನೆಗೆ ಏನಾದರೂ ಉತ್ತರ ಬಂದಿದ್ದರೆ ಅದು ಆ ಮನೆಗಳ ಜಗಲಿಯ ಮೇಲೆ ಬಂತು ಅಂತ ನನಗೆ ಅನಿಸುತ್ತದೆ.

ಸಾಮಾನ್ಯವಾಗಿ ಕತೆಯನ್ನು ಇಲ್ಲಿಂದ ನೇರ ಬಿಡುಗಡೆಗೆ ಒಯ್ಯುತ್ತಾರೆ. 1826ರ ಫೆಬ್ರವರಿಯಲ್ಲಿ ಯಾಂಡಬೊ ಒಪ್ಪಂದವಾಯಿತು, ಯುದ್ಧ ನಿಂತಿತು, ಗಂಡ ಹೆಂಡತಿ ಮಗು ಮೂವರೂ ಬದುಕಿ ಹೊರಬಂದರು. ಸೆರೆಯಲ್ಲಿ ಎಸೆದುಬಿಟ್ಟಿದ್ದ ದಿಂಬನ್ನು ಮೌಂಗ್ ಇಂಗ್ ಎಂಬ ಶಿಷ್ಯ ನೆನಪಿಗೆಂದು ಎತ್ತಿಟ್ಟಿದ್ದ. ಬಿಚ್ಚಿ ನೋಡಿದರೆ ಹಸ್ತಪ್ರತಿ ಹಾಗೇ ಇತ್ತು. ಸಾಕ್ಷಿ ಹೇಳಲು ಇದಕ್ಕಿಂತ ಒಳ್ಳೆಯ ಕತೆ ಬೇಕೇ? ಸ್ತೋತ್ರ ಹೇಳಿ ಕೂತುಬಿಡಬಹುದು. ಆದರೆ ಜಡ್ಸನ್ ಅವರ ನಂಬಿಕೆಗೆ ಪೆಟ್ಟು ಬಿದ್ದದ್ದು ಬೇಡಿ ಕಳಚಿದ ಮೇಲೆ.

ಕಪ್ಪು ಮುದ್ರೆಯ ಕಾಗದ

ಯುದ್ಧ ಮುಗಿದ ಮೇಲೆ ಇಂಗ್ಲಿಷರು ಜಾನ್ ಕ್ರಾಫರ್ಡ್ ಎಂಬ ಅಧಿಕಾರಿಯನ್ನು ವ್ಯಾಪಾರದ ಒಪ್ಪಂದಕ್ಕಾಗಿ ಆವಾಕ್ಕೆ ಕಳಿಸಿದರು. ಬರ್ಮೀ ಬಲ್ಲವರು ಬೇಕಾಗಿತ್ತು, ಜಡ್ಸನ್ ಅವರನ್ನು ಕರೆದರು. ಅವರಿಗೆ ಮನಸ್ಸಿರಲಿಲ್ಲ. ಆದರೆ ಒಪ್ಪಂದದಲ್ಲಿ ಒಂದು ಕಲಂ ಸೇರಿಸಲು ಪ್ರಯತ್ನಿಸುತ್ತೇವೆ ಎಂದು ಇಂಗ್ಲಿಷರು ಹೇಳಿದರು. ಬರ್ಮೀಯರು ಯಾವ ಧರ್ಮವನ್ನಾದರೂ ನಂಬಬಹುದು, ಅದಕ್ಕೆ ಶಿಕ್ಷೆಯಿಲ್ಲ ಎನ್ನುವ ಕಲಂ. ಎಷ್ಟೋ ವರ್ಷಗಳಿಂದ ಜಡ್ಸನ್ ಅದಕ್ಕಾಗಿಯೇ ಪ್ರಾರ್ಥಿಸುತ್ತಿದ್ದರು. ರಾಜನ ಭಯವಿಲ್ಲದಿದ್ದರೆ ಜನ ಧೈರ್ಯವಾಗಿ ಬರುತ್ತಾರೆ ಎಂಬ ಆಸೆ. ಆ್ಯನ್ ಕೂಡ ಹೋಗಿ ಬನ್ನಿ ಎಂದರು. ಇಂಗ್ಲಿಷರು ಹೊಸದಾಗಿ ಕಟ್ಟುತ್ತಿದ್ದ ಆಮ್ಹರ್ಸ್ಟ್ ಎಂಬ ಊರಿನಲ್ಲಿ ಆ್ಯನ್, ಮಾರಿಯಾ ಇಬ್ಬರನ್ನೂ ಬಿಟ್ಟು ಜಡ್ಸನ್ ಹೊರಟರು.

ಆ ಕಲಂ ಒಪ್ಪಂದದಲ್ಲಿ ಬರಲಿಲ್ಲ. ರಾಜನ ಕಡೆಯವರು ಒಪ್ಪಲಿಲ್ಲ.

ನವೆಂಬರ್‌ನಲ್ಲಿ, ಅವರು ಇನ್ನೂ ಆವಾದಲ್ಲಿದ್ದಾಗ, ಕಪ್ಪು ಮುದ್ರೆ ಒತ್ತಿದ ಒಂದು ಕಾಗದ ಬಂತು. ತಂದುಕೊಟ್ಟವನು, ನಿಮ್ಮ ಮಗು ಹೋಯಿತಂತೆ, ಬೇಜಾರಾಯಿತು ಅಂತ ಹೇಳಿ ಕೊಟ್ಟ. ಮಾರಿಯಾ ಮೊದಲಿನಿಂದಲೂ ನರಳುವ ಮಗು. ಜಡ್ಸನ್ ಕೋಣೆಗೆ ಹೋಗಿ, ಮಗುವಿನ ಸಾವಿಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡು ಕಾಗದ ಒಡೆದರು. ಒಳಗಿದ್ದದ್ದು ಆ್ಯನ್ ಸಾವಿನ ಸುದ್ದಿ. ಅಕ್ಟೋಬರ್ 24ರಂದು ಜ್ವರದಲ್ಲಿ ತೀರಿಕೊಂಡಿದ್ದರು. ವಯಸ್ಸು ಮೂವತ್ತಾರು.

ಅಂದರೆ ಕೇಳಿದ್ದೂ ಸಿಗಲಿಲ್ಲ, ಕೇಳುವುದಕ್ಕೆಂದು ಹೋದ ಹೊತ್ತಿನಲ್ಲೇ ಇದ್ದದ್ದೂ ಹೋಯಿತು. ಸೆರೆಮನೆಯಲ್ಲಿ ಸತ್ತಿದ್ದರೆ ಹುತಾತ್ಮರ ಸಾವು ಎನ್ನಬಹುದಿತ್ತು. ಎಲ್ಲ ಮುಗಿದು, ಗಾಳಿ ಆಡುವ ಕಡಲ ತೀರದ ಊರಿನಲ್ಲಿ, ಗಂಡನಿಲ್ಲದಾಗ ಜ್ವರ ಬಂದು ಸಾಯುವುದಕ್ಕೆ ಯಾವ ಅರ್ಥ ಹಚ್ಚುವುದು? ಆರು ತಿಂಗಳಿಗೆ, 1827ರ ಏಪ್ರಿಲ್ 24ರಂದು, ಮಾರಿಯಾಳನ್ನೂ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು. ಅವಳಿಗೆ ಎರಡು ವರ್ಷ ಮೂರು ತಿಂಗಳು. ಬಾಣಂತಿಯರ ಹಾಲು ಬೇಡಿ ಉಳಿಸಿಕೊಂಡ ಮಗು. ಅದೇ ವರ್ಷ ಊರಿನಿಂದ ಬಂದ ಕಾಗದದಲ್ಲಿ ತಂದೆಯೂ ತೀರಿಕೊಂಡ ಸುದ್ದಿಯಿತ್ತು.

ಕಾಡು

ಮೊದಮೊದಲು ಅವರು ಎಂದಿನಂತೆ ಕೆಲಸ ಮಾಡಿದರು. ದುಃಖ ಹೀಗೆಯೇ ಅಲ್ವಾ, ಮಣ್ಣು ಮಾಡುವ ದಿನ ಕಾಫಿ ಮಾಡಿಕೊಡುವವರು ಆರು ತಿಂಗಳಿಗೆ ಕುಸಿಯುತ್ತಾರೆ. 1828ರ ಹೊತ್ತಿಗೆ ಜಡ್ಸನ್ ಒಂದೊಂದೇ ಬಿಡುತ್ತಾ ಬಂದರು. ಒಂದು ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿ ಬೇಡ ಎಂದು ಬರೆದರು. ಸ್ವಂತ ಹಣವನ್ನು ಮಿಷನ್‌ಗೆ ಕೊಟ್ಟರು. ತಮ್ಮ ಹಳೆಯ ಕಾಗದಗಳನ್ನು ಸುಟ್ಟುಬಿಡಿ ಎಂದು ಊರಿಗೆ ಹೇಳಿ ಕಳಿಸಿದರು. ಜನರ ಜೊತೆ ಕೂತು ಉಣ್ಣುವುದು ನಿಂತಿತು. ಕಾಡಿನ ಅಂಚಿನಲ್ಲಿ ಒಂದು ಗುಡಿಸಲು ಕಟ್ಟಿಕೊಂಡು ಒಬ್ಬರೇ ಇರತೊಡಗಿದರು. ಗುಡಿಸಲ ಪಕ್ಕ ಒಂದು ಸಮಾಧಿ ಗುಂಡಿ ತೋಡಿಸಿ, ಅದರ ಅಂಚಿನಲ್ಲಿ ಕೂತು, ಮಣ್ಣಿನಲ್ಲಿ ದೇಹ ಏನಾಗುತ್ತದೆ ಅಂತ ಯೋಚಿಸುತ್ತಿದ್ದರು.

ಇದನ್ನು ಭಕ್ತಿ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಇದರಲ್ಲಿ ಕಾಯಿಲೆಯೂ ಇತ್ತು. ಇವತ್ತು ನಮ್ಮ ಅಣ್ಣನೋ ತಮ್ಮನೋ ಗುಂಡಿ ತೋಡಿಕೊಂಡು ಕೂತರೆ ನಾವು ಪ್ರಾರ್ಥನೆಯನ್ನೂ ಮಾಡಬೇಕು, ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಬೇಕು. ತನ್ನನ್ನು ಶಿಕ್ಷಿಸಿಕೊಂಡರೆ ದೇವರು ಹತ್ತಿರ ಬಂದಾನು ಎನ್ನುವ ಲೆಕ್ಕಾಚಾರವೂ ಆ ದಿನಗಳಲ್ಲಿ ಅವರೊಳಗೆ ಇದ್ದ ಹಾಗಿದೆ. ಆದರೆ ದೇವರು ಹತ್ತಿರ ಬಂದ ಅನುಭವ ಅವರಿಗೆ ಆಗಲಿಲ್ಲ. ಅಷ್ಟೆಲ್ಲ ಆದ ಮೇಲೆ ಬರೆದದ್ದೇ ಆ 1829ರ ಸಾಲು.

ಒಮ್ಮೆ ಇನ್ನೂ ಒಳಗೆ, ಹುಲಿ ಓಡಾಡುವ ದಟ್ಟ ಕಾಡಿಗೆ ನಲವತ್ತು ದಿನ ದಿನಾ ಹೋಗಿ ಕೂತರು. ಊಟಕ್ಕೆ ಅನ್ನ ಮಾತ್ರ. ಹಗಲೆಲ್ಲ ಮರದ ಕೆಳಗೆ ಬೈಬಲ್ ಹಿಡಿದು ಒಬ್ಬರೇ. ರಾತ್ರಿ ಗುಡಿಸಲಿಗೆ ವಾಪಸ್. ಹಾಗೆ ಹೋಗಲು ಶುರುಮಾಡಿದ ಮೇಲೆ ಒಂದು ದಿನ ನೋಡಿದರೆ ತಾವು ಕೂರುವ ಜಾಗದಲ್ಲಿ ಬಿದಿರಿನ ಒಂದು ಆಸನ. ಮೇಲೆ ನೆರಳಿಗೆ ಕೊಂಬೆಗಳನ್ನು ಹೆಣೆದ ಚಪ್ಪರ. ಯಾರು ಮಾಡಿದರು ಎಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕೋ ದ್ವಾ ಎಂಬ ಸಭಾಸೇವಕ ಹುಲಿಯ ಭಯವನ್ನು ನುಂಗಿಕೊಂಡು ಹಿಂದೆ ಹಿಂದೆಯೇ ಹೋಗಿ, ಗುರುಗಳು ಇಲ್ಲದ ಹೊತ್ತು ನೋಡಿ ಕಟ್ಟಿ ಬಂದಿದ್ದ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಈ ಆಸನವನ್ನು. ಕೋ ದ್ವಾ ಬುದ್ಧಿ ಹೇಳಲು ಹೋಗಲಿಲ್ಲ. ವಾಕ್ಯ ಎತ್ತಿ ತೋರಿಸಲಿಲ್ಲ. ಎಲ್ಲವೂ ಒಳ್ಳೆಯದಕ್ಕೇ ಅನ್ನಲಿಲ್ಲ. ಇಷ್ಟು ವರ್ಷ ನಮಗೆ ಬೋಧಿಸಿದ ಗುರುಗಳೇ ಹೀಗಾದರೆ ನಮ್ಮ ಗತಿಯೇನು ಅಂತ ಕೇಳುವ ಹಕ್ಕು ಅವನಿಗೆ ಇತ್ತು, ಅದನ್ನೂ ಕೇಳಲಿಲ್ಲ. ಅವರು ನೆಲದ ಮೇಲೆ ಕೂರುವುದನ್ನು ನೋಡಿದ, ಸುಮ್ನೆ ಒಂದು ಆಸನ ಮಾಡಿಟ್ಟ. ನಮ್ಮ ಮನೆಗೆ ಅಕ್ಕ ಹೋದ ಮೇಲೆ ಬಂದವರಲ್ಲಿ ಅಮ್ಮ ಇವತ್ತಿಗೂ ನೆನೆಯುವುದು ಪಕ್ಕದ ಬೀದಿಯ ಒಬ್ಬ ಅಜ್ಜಿಯನ್ನು. ಆಕೆ ಪ್ರಾರ್ಥನೆ ಕೂಡ ಮಾಡಲಿಲ್ಲ. ಹದಿನೈದು ದಿನ ಬೆಳಗ್ಗೆ ಬಂದು ಪಾತ್ರೆ ತೊಳೆದು ಹೋದರು.

ಕೈಗೆ ಕೆಲಸ

ಹಾಗಾದರೆ ನಂಬಿಕೆ ಉಳಿದದ್ದು ಹೇಗೆ? ಒಂದು ದಿನ ಬೆಳಕು ಬಿತ್ತು, ಎಲ್ಲ ಸರಿಹೋಯಿತು ಎಂಬ ಘಟನೆ ಇಲ್ಲಿ ಸಿಗುವುದಿಲ್ಲ. ನಾನು ತುಂಬಾ ಹುಡುಕಿದೆ. ಸಿಗುವುದು ಸಣ್ಣ ಸಣ್ಣ ಸಂಗತಿಗಳು.

ಒಂದು, ಅವರು ಕಾಗದದಲ್ಲಿ ಬರೆದ ವಾಕ್ಯಕ್ಕೆ ಎರಡು ತುದಿ ಇದೆ. ನಂಬುತ್ತೇನೆ. ಕಾಣುತ್ತಿಲ್ಲ. ನಾವು ಸಾಮಾನ್ಯವಾಗಿ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಅಳಿಸುತ್ತೇವೆ. ಕಾಣುತ್ತಿಲ್ಲ ಅಂದರೆ ನಂಬಿಕೆ ಹೋಯಿತು ಅಂತ ಹೆದರಿ ಬಾಯಿ ಮುಚ್ಚಿಕೊಳ್ಳುತ್ತೇವೆ. ಇಲ್ಲವೇ ಕಾಣದವನನ್ನು ಯಾಕೆ ನಂಬಲಿ ಅಂತ ಎದ್ದು ಹೋಗುತ್ತೇವೆ. ಜಡ್ಸನ್ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಸಹಿ ಹಾಕಿದರು. ಇದಕ್ಕೆ ಬೈಬಲ್ಲಿನಲ್ಲೇ ಹಾದಿಯಿದೆ. 88ನೆಯ ಕೀರ್ತನೆ ಓದಿ ನೋಡಿ. ಮೊದಲ ಸಾಲಿನಲ್ಲಿ ದೇವರನ್ನು ರಕ್ಷಕ ಎಂದು ಕರೆಯುತ್ತದೆ, ಹಗಲೂ ರಾತ್ರಿ ಮೊರೆಯಿಡುತ್ತದೆ, ನನ್ನಿಂದ ಮುಖ ಯಾಕೆ ಮರೆಸಿಕೊಂಡೆ ಎಂದು ಕೇಳುತ್ತದೆ, ಕತ್ತಲೆ ಎಂಬ ಮಾತಿಗೆ ಬಂದು ನಿಂತುಬಿಡುತ್ತದೆ. ಮಿಕ್ಕ ಎಷ್ಟೋ ಕೀರ್ತನೆಗಳ ಹಾಗೆ ಕೊನೆಯಲ್ಲಿ ಸ್ತುತಿಗೆ ತಿರುಗುವುದಿಲ್ಲ. ಅದನ್ನು ಸೇರಿಸಿದವರು ಕೊನೆಗೆ ಒಂದು ಹಲ್ಲೆಲೂಯ ಅಂಟಿಸಬಹುದಿತ್ತು. ಅಂಟಿಸಲಿಲ್ಲ. ಪೌಲನೂ ಶರೀರದಲ್ಲಿ ನಾಟಿದ ಶೂಲ ತೆಗೆ ಎಂದು ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂತು. ಜಡ್ಸನ್‌ಗೆ ಆ ವರ್ಷಗಳಲ್ಲಿ ಆ ಮಾತೂ ಕೇಳಿಸಿದ ಹಾಗಿಲ್ಲ.

ಇನ್ನೊಂದು, ಅವರ ಕೈಯಲ್ಲಿ ಅನುವಾದವಿತ್ತು. ಹಳೆಯ ಒಡಂಬಡಿಕೆ ಬಾಕಿಯಿತ್ತು. ದೇವರು ಹತ್ತಿರವಿದ್ದಾನೆ ಎಂಬ ಭಾವನೆ ಬರಲಿ, ಬಿಡಲಿ, ಹೀಬ್ರೂ ಕ್ರಿಯಾಪದಕ್ಕೆ ಸರಿಯಾದ ಬರ್ಮೀ ಪದ ಹುಡುಕಲೇಬೇಕು. ಅಂಥ ಕೆಲಸ ಮನಸ್ಸಿನ ಹವಾಮಾನ ಕೇಳುವುದಿಲ್ಲ. 1830ರಲ್ಲಿ ಕೆಲವು ತಿಂಗಳು ಪ್ರೋಮ್ ಎಂಬ ಊರಿಗೆ ಹೋಗಿ ಬೋಧಿಸಿದರು, ಅಲ್ಲಿ ಜಾಸ್ತಿ ಏನೂ ಫಲ ಸಿಗಲಿಲ್ಲ. 1831ರಲ್ಲಿ ರಂಗೂನಿನ ದೊಡ್ಡ ಪಗೋಡದ ಜಾತ್ರೆಗೆ ದೂರ ದೂರದಿಂದ ಬಂದ ಜನ, ನೀವು ಯೇಸು ಕ್ರಿಸ್ತನ ಮನುಷ್ಯನಾ, ಹಾಗಾದರೆ ಆತನ ಬಗ್ಗೆ ಬರೆದ ಹಾಳೆ ಕೊಡಿ ಎಂದು ಬಾಗಿಲಿಗೆ ಬರತೊಡಗಿದರು. ಕೇಳಿ ಬಂದವರಿಗಷ್ಟೇ ಕೊಟ್ಟರೂ ಸುಮಾರು 10,000 ಹಾಳೆ ಹೋದವು ಎಂದು ಅವರು ಬರೆದಿದ್ದಾರೆ. 1834ರ ಜನವರಿ 31ರಂದು ಬರ್ಮೀ ಬೈಬಲ್ಲಿನ ಕೊನೆಯ ಹಾಳೆ ಮುಗಿಯಿತು. ಅದೇ ಸುಮಾರಿಗೆ, 1831ರಲ್ಲಿ, ನಮ್ಮ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರ ಕನ್ನಡ ಬೈಬಲ್ ಪೂರ್ತಿಯಾಗಿತ್ತು. ಇಂಥ ಪುಸ್ತಕಗಳನ್ನು ಕೈಗೆತ್ತಿಕೊಂಡಾಗ ಅನುವಾದಕ ಯಾವ ಪುಟವನ್ನು ಯಾವ ಸ್ಥಿತಿಯಲ್ಲಿ ಬರೆದನೋ ಅಂತ ಈಗ ಯೋಚನೆ ಬರುತ್ತದೆ. ಬರ್ಮೀ ಬೈಬಲ್ಲಿನ ಎಷ್ಟೋ ಪುಟಗಳು ದೇವರು ಕಾಣದವನೊಬ್ಬನ ಕೈಬರಹ.

ಮೂರನೆಯದು ತಮ್ಮನ ಸುದ್ದಿ. 1812ರಲ್ಲಿ ಮನೆಬಿಟ್ಟು ಹೊರಟಾಗ ತಮ್ಮ ಎಲ್ನಾಥನ್ ಸ್ವಲ್ಪ ದೂರ ಜೊತೆಗೆ ಬಂದಿದ್ದ. ಅವನಿಗೆ ಇನ್ನೂ ನಂಬಿಕೆ ಇರಲಿಲ್ಲ. ಅಣ್ಣ ದಾರಿಯ ಬದಿಯಲ್ಲಿ ಅವನ ಜೊತೆ ಮಂಡಿಯೂರಿ, ಇವನನ್ನು ಮುಟ್ಟು ಎಂದು ಪ್ರಾರ್ಥಿಸಿದ್ದರು. ಮತ್ತೆ ಇಬ್ಬರೂ ಮುಖ ನೋಡಲಿಲ್ಲ. ಎಲ್ನಾಥನ್ 1829ರಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನು ಕ್ರಿಸ್ತನನ್ನು ನಂಬಿಕೊಂಡಿದ್ದ ಎಂಬ ಸುದ್ದಿ ಸಮುದ್ರ ದಾಟಿ ಅಣ್ಣನ ಕೈಸೇರಿತು. ಹದಿನೇಳು ವರ್ಷದ ಹಿಂದಿನ ಪ್ರಾರ್ಥನೆ. ಜಡ್ಸನ್ ಮೇಲೇಳತೊಡಗಿದ್ದು ಇದರ ಆಸುಪಾಸಿನಲ್ಲಿ. ಆದರೆ ಇದನ್ನೇ ಔಷಧಿ ಎಂದುಬಿಟ್ಟರೆ ತಪ್ಪಾದೀತು. ತಮ್ಮನಿಗಾಗಿ ಕೇಳಿದ್ದು ಸಿಕ್ಕಿತು ಎಂದ ಮಾತ್ರಕ್ಕೆ ಆ್ಯನ್ ಹೋದ ಲೆಕ್ಕ ಚುಕ್ತಾ ಆಗುವುದಿಲ್ಲ.

ಅದೇ ಹೊತ್ತಿಗೆ ಬೇರೆ ಕಡೆ ನಡೆಯುತ್ತಿದ್ದ ಇನ್ನೊಂದು ವಿಷಯವಿದೆ. 1828ರ ಮೇ ತಿಂಗಳಲ್ಲಿ ತವಾಯ್ ಊರಿನಲ್ಲಿ ಜಾರ್ಜ್ ಬೋರ್ಡ್‌ಮನ್ ಎಂಬ ಮಿಷನರಿ ಕೋ ಥಾ ಬ್ಯೂ ಎಂಬವನಿಗೆ ದೀಕ್ಷಾಸ್ನಾನ ಕೊಟ್ಟರು. ಕರೆನ್ ಎಂಬ ಗುಡ್ಡಗಾಡಿನ ಜನಾಂಗದವನು. ಹಿಂದೆ ದರೋಡೆ, ಕೊಲೆ ಮಾಡಿದವನು. ಆಮೇಲೆ ಅವನು ಹಳ್ಳಿ ಹಳ್ಳಿ ತಿರುಗಿ ಹೇಳಿದ್ದರಿಂದ ಕರೆನ್ ಜನ ಗುಂಪು ಗುಂಪಾಗಿ ಸಭೆಗೆ ಬಂದರು. ಆ್ಯನ್, ಅಡೋನಿರಾಮ್ ಇಬ್ಬರೂ ಬರ್ಮೀಯರಿಗಾಗಿ ಪ್ರಾರ್ಥಿಸಿದ್ದರು. ಬಾಗಿಲು ತೆರೆದದ್ದು ಅವರು ಅಷ್ಟಾಗಿ ಯೋಚಿಸದ ಗುಡ್ಡದ ಕಡೆ. ಅದು ತೆರೆದ ವರ್ಷವೇ ಜಡ್ಸನ್ ಕಾಡಿಗೆ ಹೋಗಿ ಗುಡಿಸಲು ಕಟ್ಟಿಕೊಂಡಿದ್ದರು. "ತಟ್ಟಿರಿ, ನಿಮಗೆ ತೆರೆಯುವುದು" ಎಂಬ ಮಾತಿನಲ್ಲಿ ಯಾವ ಬಾಗಿಲು ಅಂತ ಹೇಳಿಲ್ಲ ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಒಮ್ಮೆ ಅಂದಿದ್ದರು. ಆಗ ಅದು ಜಾಣತನದ ಮಾತು ಎಂದು ಸಿಟ್ಟು ಬಂದಿತ್ತು. ಈಗಲೂ ಅರ್ಧ ಸಿಟ್ಟಿದೆ. ಕರೆನ್ ಜನ ಬಂದದ್ದಕ್ಕೆ ಆ್ಯನ್ ಸಾವು ಬೆಲೆಯಾಗಿತ್ತು ಅಂತ ಯಾರಾದರೂ ಕೂಡಿಸಿ ಕಳೆದು ಹೇಳಿದರೆ ನಾನು ಒಪ್ಪುವುದಿಲ್ಲ. ಜಡ್ಸನ್ ಹಾಗೆ ಲೆಕ್ಕ ಹಾಕಿದ್ದನ್ನೂ ನಾನು ಎಲ್ಲೂ ಓದಿಲ್ಲ.

ಇಪ್ಪತ್ತು ವರ್ಷದ ನಂತರ

ಬೋರ್ಡ್‌ಮನ್ 1831ರಲ್ಲಿ ತೀರಿಕೊಂಡರು. ಅವರ ಹೆಂಡತಿ ಸಾರಾ ಅವರನ್ನು ಜಡ್ಸನ್ 1834ರಲ್ಲಿ ಮದುವೆಯಾದರು. ಮಕ್ಕಳಾದರು, ಮನೆ ತುಂಬಿತು. 1845ರಲ್ಲಿ ಸಾರಾ ಅವರ ಕಾಯಿಲೆಗೆ ಹವೆ ಬದಲಾಗಲಿ ಎಂದು ಅಮೆರಿಕಕ್ಕೆ ಹೊರಟಾಗ ಆಕೆ ಸೇಂಟ್ ಹೆಲೆನಾ ದ್ವೀಪದಲ್ಲಿ ತೀರಿಕೊಂಡರು. ಮತ್ತೆ ಅದೇ ಪ್ರಾರ್ಥನೆ, ಮತ್ತೆ ಅದೇ ಉತ್ತರ. ಈ ಸಲ ಅವರು ಕಾಡಿಗೆ ಹೋಗಲಿಲ್ಲ. ಸಮಾಧಿ ಮಾಡಿ ಅದೇ ಸಂಜೆ ಹಡಗು ಹತ್ತಿದರು, ಜೊತೆಗೆ ಮೂವರು ಮಕ್ಕಳಿದ್ದರು. ಮುಂದಿನ ವರ್ಷ ಎಮಿಲಿ ಚಬಕ್ ಎಂಬ ಲೇಖಕಿಯನ್ನು ಮದುವೆಯಾಗಿ ಬರ್ಮಾಕ್ಕೆ ಮರಳಿದರು.

1850ರ ವಸಂತದ ಹೊತ್ತಿಗೆ ಜಡ್ಸನ್ ಹಾಸಿಗೆ ಹಿಡಿದಿದ್ದರು. ಆಗ ಎಮಿಲಿ ಅವರಿಗೆ ಒಂದು ಸುದ್ದಿ ಓದಿ ಹೇಳಿದರು. ಆವಾದ ಸೆರೆವಾಸದ ಕತೆಯನ್ನು ಓದಿದ ತುರ್ಕಿಯ ಟ್ರೆಬಿಜಾಂಡ್ ಪಟ್ಟಣದ ಕೆಲವು ಯೆಹೂದ್ಯರು ಕ್ರಿಸ್ತನ ಕಡೆ ತಿರುಗಿ, ನಮಗೆ ಕಲಿಸಲು ಯಾರನ್ನಾದರೂ ಕಳಿಸಿ ಎಂದು ಕೇಳಿದ್ದರಂತೆ. ಜಡ್ಸನ್ ಅವರ ಕಣ್ಣು ತುಂಬಿತು. ಇದು ನನಗೆ ಭಯ ಹುಟ್ಟಿಸುತ್ತದೆ ಎಂದರು. ಎಷ್ಟೋ ವರ್ಷದ ಹಿಂದೆ ಯೆಹೂದ್ಯರ ನಡುವೆ ಒಂದು ಮಿಷನ್ ಆಗಲಿ ಎಂದು ಅವರು ಪ್ರಾರ್ಥಿಸಿ, ಓಡಾಡಿ, ಆಗದೆ ಕೈಬಿಟ್ಟಿದ್ದರು. ನಾನು ಮನಸ್ಸಿಟ್ಟು ಯಾವುದಕ್ಕಾಗಿ ಪ್ರಾರ್ಥಿಸಿದೆನೋ ಅದು ಬಂತು, ಎಷ್ಟೇ ತಡವಾಗಲಿ, ನಾನು ಊಹಿಸದ ಯಾವುದೋ ರೂಪದಲ್ಲಿ ಬಂತು, ಆದರೂ ನನ್ನ ನಂಬಿಕೆ ಯಾವಾಗಲೂ ಎಷ್ಟು ಸಣ್ಣದು ಎಂದು ಹೇಳಿದರು.

ಈ ಮಾತಿನ ಮೊದಲ ಭಾಗವನ್ನು ಪ್ರಸಂಗಗಳಲ್ಲಿ ಕೇಳಿದ್ದೇನೆ. ಕೊನೆಯ ಭಾಗವನ್ನು ಬಿಟ್ಟುಬಿಡುತ್ತಾರೆ. ನನಗಂತೂ ಮೊದಲ ಭಾಗವನ್ನು ನನ್ನದು ಅಂತ ಹೇಳಿಕೊಳ್ಳುವ ಧೈರ್ಯ ಇಲ್ಲ. ಆ್ಯನ್, ಮಾರಿಯಾ, ರೋಜರ್, ಸಾರಾ ಇವರನ್ನೆಲ್ಲ ಕಳೆದುಕೊಂಡವರು ಅದನ್ನು ಹೇಳಬಹುದು. ಬೇರೆಯವರು ಅವರ ಪರವಾಗಿ ಹೇಳಬಾರದು. ನಮ್ಮ ಅಮ್ಮನಿಗಂತೂ ಹೇಳಲೇಬಾರದು.

ಕಡಲ ಗಾಳಿಗಾದರೂ ಚೇತರಿಸಿಕೊಳ್ಳಲಿ ಎಂದು ಏಪ್ರಿಲ್ 3ರಂದು ಜಡ್ಸನ್ ಅವರನ್ನು ಒಂದು ಫ್ರೆಂಚ್ ಹಡಗಿಗೆ ಹತ್ತಿಸಿದರು. ಎಮಿಲಿ ತುಂಬು ಗರ್ಭಿಣಿ, ಜೊತೆಗೆ ಹೋಗಲಾಗಲಿಲ್ಲ. ಏಪ್ರಿಲ್ 12ರಂದು ಜಡ್ಸನ್ ಹಡಗಿನಲ್ಲೇ ತೀರಿಕೊಂಡರು. ಅಂದು ಸಂಜೆಯೇ ದೇಹವನ್ನು ಕಡಲಿಗೆ ಬಿಟ್ಟರು. ಹತ್ತು ದಿನಕ್ಕೆ ಎಮಿಲಿಗೆ ಹೆರಿಗೆಯಾಯಿತು, ಆ ಮಗುವೂ ಉಳಿಯಲಿಲ್ಲ. ಗಂಡ ಇಲ್ಲ ಎಂಬ ಸುದ್ದಿ ಮೌಲ್ಮೇನ್ ಮುಟ್ಟಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಎಮಿಲಿ ಅವರಿಗಾಗಿ ಪ್ರಾರ್ಥಿಸುತ್ತಲೇ ಇದ್ದಿರಬೇಕು.